ಹಿಂದಿನ ಪಂಕ್ತಿಯ ಎಲೆ

ರಮೇಶ ಎಂಬವರು ಒಂದು ಜಾಲತಾಣದ ಫಾರಂನಲ್ಲಿ ತಮ್ಮ ಹೆಸರು ಬರೆದು ಬಟನ್ ಒತ್ತುತ್ತಾರೆ ಎನ್ನೋಣ. ಉತ್ತರವಾಗಿ ಬಂದ ಪುಟದಲ್ಲಿ ‘ನಮಸ್ಕಾರ, ಸುಮಾ’ ಎಂದಿದೆ. ಮತ್ತೆ ಒತ್ತಿದರೆ ‘ನಮಸ್ಕಾರ, ರಮೇಶ’ ಎಂದು ಸರಿಯಾಗಿ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಪುನಃ ಸುಮಾ, ಮಗದೊಮ್ಮೆ ಒತ್ತಿದರೆ ಅಬ್ದುಲ್. ದೂರು ಬಂದ ಮೇಲೆ ಪ್ರೋಗ್ರಾಮರ್ ಕೋಡ್ ತೆರೆದು ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಅನುಮಾನ ಬಂದ ಕಡೆ ಒಂದು ಪ್ರಿಂಟ್ ಸಾಲು ಸೇರಿಸಿ ಫೈಲ್ ಸೇವ್ ಮಾಡಿದ ಕೂಡಲೇ ಎಲ್ಲವೂ ಸರಿಹೋಗುತ್ತದೆ. ಆ ಸಾಲು ತೆಗೆದು ಸೇವ್ ಮಾಡಿದರೂ ಸರಿಯಾಗಿಯೇ ಇದೆ. ಸಮಾಧಾನದಿಂದ ಮನೆಗೆ ಹೊರಟರೆ ಸಂಜೆಯೊಳಗೆ ಮತ್ತೆ ಅದೇ ದೂರು.

ಈ ಕಾಟಕ್ಕೆ ಹತ್ತಿರ ಹತ್ತಿರ ಮೂವತ್ತು ವರ್ಷ ವಯಸ್ಸಾಯಿತು. ಪರ್ಲ್ ಸ್ಕ್ರಿಪ್ಟುಗಳ ಕಾಲದಿಂದ ಜಾವಾ, ಪೈಥಾನ್, ನೋಡ್‌ಜೆಎಸ್, ಈಚೆಗೆ ಪಿಎಚ್‌ಪಿ ಎಂದು ಮನೆಯಿಂದ ಮನೆಗೆ ನಡೆದು ಬಂದಿದೆ. 2021ರಲ್ಲಿ ಗಿಟ್‌ಹಬ್, 2023ರಲ್ಲಿ ಚಾಟ್‌ಜಿಪಿಟಿ ತಮ್ಮ ಬಳಕೆದಾರರಿಗೆ ವಿವರಣೆ ಕೊಡಬೇಕಾಗಿ ಬಂದದ್ದು ಇದೇ ಕುಲದ ಬಗ್‌ಗಳಿಂದ. ಹೊರರೂಪ ಎಷ್ಟೇ ಬದಲಾದರೂ ಒಳಗಿನ ಕಾಯಿಲೆ ಒಂದೇ. ಒಂದು ರಿಕ್ವೆಸ್ಟಿಗೆ ಸೇರಿದ ಮಾಹಿತಿ, ಆ ರಿಕ್ವೆಸ್ಟ್ ಮುಗಿದ ಮೇಲೂ ಸರ್ವರ್‌ನ ಮೆಮೊರಿಯಲ್ಲಿ ಉಳಿದುಕೊಂಡು ಬೇರೊಬ್ಬರ ಉತ್ತರದಲ್ಲಿ ತೇಲಿಬರುತ್ತದೆ.

ಮೊದಮೊದಲು ಈ ಪ್ರಶ್ನೆಯೇ ಇರಲಿಲ್ಲ. 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯ ವೆಬ್ ಸರ್ವರ್ ಜೊತೆಗೆ ಬಂದ ಸಿಜಿಐ ಪದ್ಧತಿಯಲ್ಲಿ, ಪ್ರತಿ ರಿಕ್ವೆಸ್ಟಿಗೂ ಸರ್ವರ್ ಹೊಸದೊಂದು ಪ್ರೊಸೆಸ್ ಹುಟ್ಟಿಸುತ್ತಿತ್ತು. ಸ್ಕ್ರಿಪ್ಟ್ ಓಡಿ, ಉತ್ತರ ಬರೆದು, ಸಾಯುತ್ತಿತ್ತು. ಅದರ ಜೊತೆಗೇ ಅದರ ಎಲ್ಲ ವೇರಿಯಬಲ್‌ಗಳೂ ಅಳಿಯುತ್ತಿದ್ದವು. ಮದುವೆ ಮನೆಯ ಬಾಳೆಎಲೆ ಊಟದ ಹಾಗೆ: ಉಂಡವರು ಎದ್ದರೆ ಎಲೆ ಎತ್ತಿ ಎಸೆಯುತ್ತಾರೆ, ಮುಂದಿನ ಪಂಕ್ತಿಗೆ ಹೊಸ ಎಲೆ. ತೊಳೆಯುವ ಚಿಂತೆಯಿಲ್ಲ. ಈ ವ್ಯವಸ್ಥೆಯಲ್ಲಿ ಪ್ರೋಗ್ರಾಮರ್ ಎಷ್ಟು ಒಡ್ಡೊಡ್ಡಾಗಿ ಬರೆದರೂ ಒಬ್ಬರ ಹೆಸರು ಮೆಮೊರಿಯ ಮೂಲಕ ಇನ್ನೊಬ್ಬರ ಪುಟಕ್ಕೆ ಹೋಗುವ ದಾರಿಯೇ ಇರುತ್ತಿರಲಿಲ್ಲ.

ಆದರೆ ಅದು ದುಬಾರಿ. ಒಂದೊಂದು ಕ್ಲಿಕ್ಕಿಗೂ ಪರ್ಲ್ ಇಂಟರ್‌ಪ್ರಿಟರನ್ನು ಮೆಮೊರಿಗೆ ತರಬೇಕು, ಸ್ಕ್ರಿಪ್ಟನ್ನು ಕಂಪೈಲ್ ಮಾಡಬೇಕು, ಡೇಟಾಬೇಸ್‌ಗೆ ಹೊಸದಾಗಿ ಕನೆಕ್ಷನ್ ಹಾಕಬೇಕು. ಈ ಭಾರ ಇಳಿಸಲೆಂದು 1996ರ ಸುಮಾರಿಗೆ ಎರಡು ದಾರಿಗಳು ತೆರೆದವು. ಓಪನ್ ಮಾರ್ಕೆಟ್ ಕಂಪನಿಯ ಫಾಸ್ಟ್‌ಸಿಜಿಐ ಒಂದು; ಡಗ್ ಮೆಕೇಚರ್ನ್ ಮುನ್ನಡೆಸಿದ ಮಾಡ್‌ಪರ್ಲ್ ಇನ್ನೊಂದು. ಮಾಡ್‌ಪರ್ಲ್‌ನಲ್ಲಿ ಪರ್ಲ್ ಇಂಟರ್‌ಪ್ರಿಟರ್ ಅಪಾಚೆ ಸರ್ವರ್‌ನ ಹೊಟ್ಟೆಯೊಳಗೇ ಕುಳಿತುಬಿಡುತ್ತದೆ. ಒಮ್ಮೆ ಕಂಪೈಲ್ ಆದ ಸ್ಕ್ರಿಪ್ಟ್ ಪ್ರೊಸೆಸ್ ಬದುಕಿರುವವರೆಗೂ ಅಲ್ಲೇ ಇದ್ದು, ಬಂದವರಿಗೆಲ್ಲ ಬಡಿಸುತ್ತದೆ. ವೇಗ ಹತ್ತಾರು ಪಟ್ಟು ಹೆಚ್ಚಿದ ಉದಾಹರಣೆಗಳಿವೆ. ಬಾಳೆಎಲೆಯ ಜಾಗಕ್ಕೆ ಸ್ಟೀಲ್ ತಟ್ಟೆ ಬಂದದ್ದು ಆಗ.

ಹಳೆಯ ಸಿಜಿಐ ಸ್ಕ್ರಿಪ್ಟುಗಳನ್ನು ತಿದ್ದದೆ ಹಾಗೆಯೇ ಓಡಿಸಲು ಮಾಡ್‌ಪರ್ಲ್ ಕೊಟ್ಟ ಸೌಲಭ್ಯದ ಹೆಸರು ಅಪಾಚೆ ರಿಜಿಸ್ಟ್ರಿ. ಮೇಲೆ ಹೇಳಿದ ಸುಮಾ-ರಮೇಶರ ಗೊಂದಲ ಹುಟ್ಟುವುದು ಇಲ್ಲಿ. ಅದು ಹುಟ್ಟುವ ಬಗೆಯನ್ನು ಸಾವಧಾನವಾಗಿ ನೋಡಬೇಕು. ಇದೊಂದು ಅರ್ಥವಾದರೆ ಉಳಿದವುಗಳ ಗುಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸ್ಕ್ರಿಪ್ಟಿನ ಆರಂಭದಲ್ಲೇ ‘ಮೈ’ ಎಂಬ ಪದ ಬಳಸಿ ಹೆಸರಿನ ವೇರಿಯಬಲ್ ಘೋಷಿಸಿ, ಅದಕ್ಕೆ ಫಾರಂನಿಂದ ಬಂದ ಬೆಲೆ ತುಂಬಲಾಗಿದೆ. ಕೆಳಗೆ ಒಂದು ಫಂಕ್ಷನ್ ಇದೆ. ಅದು ಯಾವ ಆರ್ಗ್ಯುಮೆಂಟನ್ನೂ ತೆಗೆದುಕೊಳ್ಳದೆ, ಮೇಲಿನ ವೇರಿಯಬಲನ್ನು ನೇರವಾಗಿ ಓದಿ ಪ್ರಿಂಟ್ ಮಾಡುತ್ತದೆ. ಸಿಜಿಐನಲ್ಲಿ ಇದು ಪೂರ್ತಿ ಸರಿಯಾದ ಕೋಡ್. ರಿಜಿಸ್ಟ್ರಿ ಮಾತ್ರ ಇಡೀ ಫೈಲನ್ನು ‘ಹ್ಯಾಂಡ್ಲರ್’ ಎಂಬ ಒಂದು ದೊಡ್ಡ ಫಂಕ್ಷನ್ನಿನೊಳಗೆ ಸುತ್ತಿ ಕಂಪೈಲ್ ಮಾಡುತ್ತದೆ. ಪ್ರತಿ ರಿಕ್ವೆಸ್ಟಿಗೂ ಆ ಹ್ಯಾಂಡ್ಲರನ್ನು ಕರೆಯುತ್ತದೆ. ಅಂದರೆ ಪ್ರೋಗ್ರಾಮರ್ ಬರೆದ ಫಂಕ್ಷನ್ ಅವರಿಗೆ ಗೊತ್ತಿಲ್ಲದೆಯೇ ಇನ್ನೊಂದು ಫಂಕ್ಷನ್ನಿನ ಒಳಗೆ ಸೇರಿಹೋಗಿದೆ.

ಪರ್ಲ್‌ನಲ್ಲಿ ಹೆಸರಿರುವ ಫಂಕ್ಷನ್ ಹುಟ್ಟುವುದು ಒಂದೇ ಸಲ, ಕಂಪೈಲ್ ಆಗುವಾಗ. ಆ ಕ್ಷಣದಲ್ಲಿ ಹೊರಗಿನ ವೇರಿಯಬಲ್‌ನ ಯಾವ ಪ್ರತಿ ಇತ್ತೋ ಅದನ್ನೇ ಅದು ಕೊನೆಯವರೆಗೂ ಹಿಡಿದುಕೊಳ್ಳುತ್ತದೆ. ಮೊದಲ ರಿಕ್ವೆಸ್ಟಿನಲ್ಲಿ ಎಲ್ಲ ಸರಿ: ಸುಮಾ ಬಂದರು, ಸುಮಾ ಎಂದು ಬಂತು. ಎರಡನೆಯ ರಿಕ್ವೆಸ್ಟಿಗೆ ಹ್ಯಾಂಡ್ಲರ್ ಹೊಸ ವೇರಿಯಬಲ್ ಸೃಷ್ಟಿಸಿ ಅದರಲ್ಲಿ ರಮೇಶ ಎಂದು ಬರೆಯುತ್ತದೆ. ಒಳಗಿನ ಫಂಕ್ಷನ್ ಓದುವುದು ಮಾತ್ರ ಹಳೆಯ ಪ್ರತಿಯನ್ನು. ಆ ಪ್ರೊಸೆಸ್ಸಿನ ಪಾಲಿಗೆ ಇನ್ನು ಮುಂದೆ ಬರುವವರೆಲ್ಲ ಸುಮಾ.

ಅಪಾಚೆ ಏಕಕಾಲಕ್ಕೆ ಹಲವು ಮರಿ ಪ್ರೊಸೆಸ್‌ಗಳನ್ನು ಓಡಿಸುತ್ತದೆ. ಪ್ರತಿಯೊಂದಕ್ಕೂ ಅದರದೇ ಮೊದಲ ಅತಿಥಿ. ರಿಕ್ವೆಸ್ಟ್ ಯಾವ ಮರಿಯ ಪಾಲಿಗೆ ಬಿತ್ತೋ ಅದರ ಮೊದಲ ಅತಿಥಿಯ ಹೆಸರು ಪುಟದಲ್ಲಿ ಮೂಡುತ್ತದೆ. ಒತ್ತಿದಾಗಲೆಲ್ಲ ಹೆಸರು ಬದಲಾಗುವುದರ ಮರ್ಮ ಇದು. ಫೈಲ್ ಸೇವ್ ಮಾಡಿದೊಡನೆ ಬಗ್ ಮಾಯವಾಗುವುದಕ್ಕೂ ಕಾರಣ ಇಲ್ಲೇ ಇದೆ: ಫೈಲಿನ ಸಮಯ ಬದಲಾದದ್ದನ್ನು ಕಂಡು ರಿಜಿಸ್ಟ್ರಿ ಅದನ್ನು ಮತ್ತೆ ಕಂಪೈಲ್ ಮಾಡುತ್ತದೆ, ಮರುಕ್ಷಣ ಪರೀಕ್ಷಿಸುವ ಪ್ರೋಗ್ರಾಮರೇ ಹೊಸ ಮೊದಲ ಅತಿಥಿ. ಅವರ ಹೆಸರು ಅವರಿಗೆ ಸರಿಯಾಗಿಯೇ ಕಾಣುತ್ತದೆ. ಹುಡುಕುವ ಕ್ರಿಯೆಯೇ ಬಗ್ಗನ್ನು ಮುಚ್ಚಿಬಿಡುವ ಇಂಥ ಸಂದರ್ಭದಲ್ಲಿ ಅನುಭವಸ್ಥರೂ ದಿನಗಟ್ಟಲೆ ಒದ್ದಾಡಿದರೆ ಅದು ಅವರ ಅಜಾಗರೂಕತೆಯಲ್ಲ.

ಪರ್ಲ್ ಎಚ್ಚರಿಕೆ ಕೊಡುತ್ತದೆ, ನಿಜ. ‘ಈ ವೇರಿಯಬಲ್ ಹಂಚಿಕೆಯಲ್ಲಿ ಉಳಿಯುವುದಿಲ್ಲ’ ಎಂಬ ಅರ್ಥದ ಒಂದು ಸಾಲು ಎರರ್ ಲಾಗ್‌ನಲ್ಲಿ ಬೀಳುತ್ತದೆ. ಆದರೆ ವಾರ್ನಿಂಗ್ ಆನ್ ಆಗಿದ್ದರೆ ಮಾತ್ರ, ಅದೂ ಕಂಪೈಲ್ ಆಗುವಾಗ ಒಮ್ಮೆ. ಸಾವಿರಾರು ಸಾಲುಗಳ ಲಾಗ್‌ನಲ್ಲಿ ಅದನ್ನು ನೋಡುವವರು ಕಡಿಮೆ. ಸ್ಕ್ರಿಪ್ಟನ್ನು ಟರ್ಮಿನಲ್‌ನಲ್ಲಿ ಓಡಿಸಿ ಪರೀಕ್ಷಿಸಿದರೆ ಆ ಎಚ್ಚರಿಕೆಯೂ ಬರದು. ಅಲ್ಲಿ ಸುತ್ತುವ ಹ್ಯಾಂಡ್ಲರೇ ಇಲ್ಲವಲ್ಲ. ಅಲ್ಲಿಯೇ ಅದನ್ನು ಕಣ್ಣಾರೆ ಕಾಣಬೇಕೆಂದರೆ ಇಡೀ ಕೋಡನ್ನು ಕೈಯಾರೆ ಒಂದು ಫಂಕ್ಷನ್ನಿನೊಳಗೆ ಹಾಕಿ, ಲೂಪ್‌ನಲ್ಲಿ ಮೂರು ಸಲ ಮೂರು ಬೇರೆ ಹೆಸರು ಕೊಟ್ಟು ಕರೆಯಬೇಕು.

ಚಿಕಿತ್ಸೆ ಸರಳ. ಬೇಕಾದ ಬೆಲೆಯನ್ನು ಫಂಕ್ಷನ್ನಿಗೆ ಆರ್ಗ್ಯುಮೆಂಟ್ ಆಗಿ ಕೊಡುವುದು, ಫಂಕ್ಷನ್‌ಗಳನ್ನು ಬೇರೆ ಮಾಡ್ಯೂಲ್ ಫೈಲಿಗೆ ಸರಿಸುವುದು. ಹಲವರು ಮಾಡುವುದು ಮಾತ್ರ ಇನ್ನೂ ಸುಲಭದ ಕೆಲಸ: ‘ಮೈ’ ತೆಗೆದು ಗ್ಲೋಬಲ್ ಮಾಡಿಬಿಡುವುದು. ಆಗ ಮೊದಲ ಅತಿಥಿಯ ಕಾಟ ತಪ್ಪುತ್ತದೆ, ಇನ್ನೊಂದು ಶುರುವಾಗುತ್ತದೆ. ಗ್ಲೋಬಲ್ ವೇರಿಯಬಲ್ ರಿಕ್ವೆಸ್ಟ್ ಮುಗಿದರೂ ಅಳಿಯುವುದಿಲ್ಲ. ರಮೇಶರ ರಿಕ್ವೆಸ್ಟಿನಲ್ಲಿ ‘ಅಡ್ಮಿನ್’ ಎಂಬ ಗುರುತಿಗೆ 1 ಎಂದು ತುಂಬಿತು, ಮುಂದೆ ಬಂದವರ ರಿಕ್ವೆಸ್ಟಿನಲ್ಲಿ ಆ ಗುರುತನ್ನು ಮುಟ್ಟುವ ಸಾಲು ಒಂದು ‘ಇಫ್’ ಒಳಗಿದ್ದ ಕಾರಣ ಓಡಲಿಲ್ಲ ಎಂದಿಟ್ಟುಕೊಳ್ಳಿ, ಅವರೂ ಅಡ್ಮಿನ್. ಹೆಸರು ತಪ್ಪಾಗಿ ಕಂಡರೆ ಮುಜುಗರ, ಅಧಿಕಾರ ತಪ್ಪಾಗಿ ಸಿಕ್ಕರೆ ಅನಾಹುತ.

ಬಲೆಗಳ ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ. ಪರ್ಲ್‌ನ ರೆಗೆಕ್ಸ್‌ನಲ್ಲಿ ‘ಓ’ ಎಂಬ ಒಂದಕ್ಷರದ ಗುರುತು ಇದೆ. ಮಾದರಿಯನ್ನು ಒಮ್ಮೆ ಮಾತ್ರ ಕಂಪೈಲ್ ಮಾಡು ಎಂದು ಅದರ ಅರ್ಥ. ಸಿಜಿಐನಲ್ಲಿ ವೇಗಕ್ಕೆ ನೆರವಾಗುತ್ತಿದ್ದ ಆ ಅಕ್ಷರ ಮಾಡ್‌ಪರ್ಲ್‌ನಲ್ಲಿ ಮೊದಲ ಅತಿಥಿಯ ಹುಡುಕುಪದವನ್ನು ಪ್ರೊಸೆಸ್ ಸಾಯುವವರೆಗೆ ಅಂಟಿಸಿಡುತ್ತದೆ. ಲೈಬ್ರರಿಗಳೂ ಈ ಪಟ್ಟಿಯಿಂದ ಹೊರಗಿಲ್ಲ. ಲಿಂಕನ್ ಸ್ಟೈನ್ ಬರೆದ ಸಿಜಿಐ ಮಾಡ್ಯೂಲ್‌ನಲ್ಲಿ ಗ್ಲೋಬಲ್‌ಗಳನ್ನು ಮೊದಲ ಸ್ಥಿತಿಗೆ ತರಲೆಂದೇ ಪ್ರತ್ಯೇಕ ಫಂಕ್ಷನ್ ಇಡಬೇಕಾಯಿತು. ಈ ಎಲ್ಲ ಬಲೆಗಳನ್ನು ಸ್ಟಾಸ್ ಬೆಕ್‌ಮನ್ ಮತ್ತು ಎರಿಕ್ ಶೋಲೆ ಅವರ 2003ರ ‘ಪ್ರಾಕ್ಟಿಕಲ್ ಮಾಡ್‌ಪರ್ಲ್’ ಪುಸ್ತಕ ಸವಿಸ್ತಾರವಾಗಿ ದಾಖಲಿಸಿದೆ. ಮಾಡ್‌ಪರ್ಲ್ ಬಳಸುವವರು ಇಂದು ವಿರಳ. ಆದರೂ ಸರ್ವರ್ ಕೋಡ್ ಬರೆಯುವ ಯಾರಿಗಾದರೂ ಆ ಪುಸ್ತಕದ ಈ ಭಾಗ ಇವತ್ತಿಗೂ ಓದಿಗೆ ಯೋಗ್ಯ.

ಇಲ್ಲಿಯವರೆಗೆ ಇಬ್ಬರು ಸಿಕ್ಕರು: ಅಂಟಿಕೊಂಡ ಮೊದಲಿಗ, ಎದ್ದು ಹೋಗದ ಹಿಂದಿನವ. ಮೂರನೆಯವನು ಪಕ್ಕದವ. ಒಂದೇ ಪ್ರೊಸೆಸ್ ಏಕಕಾಲದಲ್ಲಿ ಹಲವು ರಿಕ್ವೆಸ್ಟುಗಳನ್ನು ನೋಡಿಕೊಳ್ಳುವಾಗ, ಒಂದರ ನಡುವೆ ಇನ್ನೊಂದು ಬಂದು ಅದೇ ವೇರಿಯಬಲ್ಲಿಗೆ ಕೈಹಾಕುತ್ತದೆ. ದೂರು ಬಂದಾಗ ಮೊದಲು ಕೇಳಬೇಕಾದದ್ದು ಈ ಮೂವರಲ್ಲಿ ಯಾರು ಎಂದು. ಒಂದು ಪ್ರೊಸೆಸ್ಸಿನೊಳಗೆ ತಪ್ಪು ಬೆಲೆ ಬದಲಾಗದೆ ಒಂದೇ ಆಗಿದ್ದರೆ ಮೊದಲಿಗ. ಪ್ರತಿ ಸಲ ತುಸು ಮುಂಚೆ ಬಂದವರದಾಗಿದ್ದರೆ ಹಿಂದಿನವ. ಜನಸಂದಣಿ ಇದ್ದಾಗ ಮಾತ್ರ ಕಾಣಿಸಿ, ಒಬ್ಬರೇ ಪರೀಕ್ಷಿಸಿದಾಗ ಎಂದೂ ಸಿಗದಿದ್ದರೆ ಪಕ್ಕದವ.

ಜಾವಾದವರು ಪಕ್ಕದವನನ್ನು ಬಹಳ ಹಿಂದೆಯೇ ಕಂಡರು. ಅಲ್ಲಿ ಒಂದು ಸರ್ವ್‌ಲೆಟ್‌ಗೆ ಸಾಮಾನ್ಯವಾಗಿ ಒಂದೇ ಆಬ್ಜೆಕ್ಟ್. ಹತ್ತಾರು ಥ್ರೆಡ್‌ಗಳು ಅದನ್ನೇ ಬಳಸುತ್ತವೆ. ಬಳಕೆದಾರರ ಹೆಸರನ್ನು ಆ ಆಬ್ಜೆಕ್ಟಿನ ಫೀಲ್ಡ್‌ನಲ್ಲಿಟ್ಟರೆ ಕಥೆ ಮುಗಿಯಿತು. ಇದಕ್ಕೆಂದು ತಂದ ‘ಸಿಂಗಲ್ ಥ್ರೆಡ್ ಮಾಡೆಲ್’ ಎಂಬ ಉಪಾಯವನ್ನು ಸರ್ವ್‌ಲೆಟ್ 2.4ನೇ ಆವೃತ್ತಿಯಲ್ಲಿ ಬಳಸಬೇಡಿ ಎಂದು ಬದಿಗಿಟ್ಟರು, ಏಕೆಂದರೆ ಅದು ಸಮಸ್ಯೆಯನ್ನು ಪೂರ್ತಿ ಬಗೆಹರಿಸುತ್ತಿರಲಿಲ್ಲ. ಥ್ರೆಡ್ ಲೋಕಲ್ ಬಳಸಿದರೆ ಪಕ್ಕದವ ದೂರವಾಗುತ್ತಾನೆ. ಆದರೆ ಥ್ರೆಡ್ ಪೂಲ್‌ನಲ್ಲಿ ಅದೇ ಥ್ರೆಡ್ ಮುಂದಿನ ರಿಕ್ವೆಸ್ಟಿಗೂ ಬರುವುದರಿಂದ, ಕೊನೆಯಲ್ಲಿ ಅಳಿಸಲು ಮರೆತರೆ ಹಿಂದಿನವ ಹಾಜರ್.

ನೋಡ್‌ಜೆಎಸ್‌ನಲ್ಲಿ ಒಂದೇ ಥ್ರೆಡ್, ಆದ್ದರಿಂದ ಪಕ್ಕದವನ ಭಯವಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ‘ಅವೇಟ್’ ಬಂದ ಕಡೆಯಲ್ಲೆಲ್ಲ ಒಂದು ರಿಕ್ವೆಸ್ಟ್ ನಿಂತು ಇನ್ನೊಂದಕ್ಕೆ ದಾರಿ ಬಿಡುತ್ತದೆ. ಮಾಡ್ಯೂಲಿನ ಮೇಲ್ಮಟ್ಟದಲ್ಲಿಟ್ಟ ‘ಈಗಿನ ಬಳಕೆದಾರ’ ಆ ಬಿಡುವಿನಲ್ಲಿ ಬದಲಾಗಿರುತ್ತಾನೆ. ವ್ಯೂ ಚೌಕಟ್ಟಿನ ಕೈಪಿಡಿ ಇದನ್ನು ರಿಕ್ವೆಸ್ಟುಗಳ ನಡುವಿನ ಸ್ಥಿತಿಮಾಲಿನ್ಯ ಎಂಬರ್ಥದ ಹೆಸರಿಟ್ಟೇ ವಿವರಿಸುತ್ತದೆ. ಪೈಥಾನ್ 3.7ರಲ್ಲಿ 2018ಕ್ಕೆ, ನೋಡ್‌ಜೆಎಸ್‌ನಲ್ಲಿ 2020ಕ್ಕೆ, ಅಸಿಂಕ್ರನಸ್ ಹರಿವಿನ ಉದ್ದಕ್ಕೂ ಒಂದು ರಿಕ್ವೆಸ್ಟಿನ ಮಾಹಿತಿಯನ್ನು ಬೇರೆಯಾಗಿ ಒಯ್ಯುವ ಅಧಿಕೃತ ಸಾಧನಗಳು ಬಂದವು. ಅದಕ್ಕೆ ಮುಂಚೆ ಜನ ಏನು ಮಾಡುತ್ತಿದ್ದರು ಎಂದರೆ, ತಮಗೆ ತೋಚಿದ್ದನ್ನು.

ಪಿಎಚ್‌ಪಿಯದು ಬೇರೆಯೇ ದಾರಿ. ರಿಕ್ವೆಸ್ಟ್ ಮುಗಿದ ಕೂಡಲೇ ಎಲ್ಲವನ್ನೂ ಗುಡಿಸಿ ಹಾಕುವುದು ಅದರ ಹುಟ್ಟುಗುಣ. ಪ್ರೊಸೆಸ್ ಬದುಕಿದ್ದರೂ ವೇರಿಯಬಲ್‌ಗಳು ಉಳಿಯುವುದಿಲ್ಲ. ಹೀಗಾಗಿ ಒಂದು ಇಡೀ ತಲೆಮಾರಿನ ಪಿಎಚ್‌ಪಿ ಪ್ರೋಗ್ರಾಮರ್‌ಗಳು ಈ ಕಾಟವನ್ನು ಕಾಣದೆ ಬೆಳೆದರು. 2021ರಲ್ಲಿ ಲಾರವೆಲ್ ಆಕ್ಟೇನ್ ಬಂದು, ಸ್ವೂಲ್ ಅಥವಾ ರೋಡ್‌ರನ್ನರ್ ಸರ್ವರ್ ಮೇಲೆ ಇಡೀ ಅಪ್ಲಿಕೇಶನ್ನನ್ನು ಮೆಮೊರಿಯಲ್ಲೇ ಉಳಿಸಿಕೊಂಡು ಓಡಿಸತೊಡಗಿದಾಗ, ಪರ್ಲ್‌ನವರು ಇಪ್ಪತ್ತೈದು ವರ್ಷ ಹಿಂದೆ ಕಲಿತ ಪಾಠ ಇವರಿಗೆ ಹೊಸದಾಗಿ ಬಂತು. ಸಿಂಗಲ್‌ಟನ್‌ನ ಕನ್‌ಸ್ಟ್ರಕ್ಟರ್‌ಗೆ ರಿಕ್ವೆಸ್ಟನ್ನು ಕೊಡಬೇಡಿ, ಸ್ಟ್ಯಾಟಿಕ್ ಅರೇಗೆ ಸೇರಿಸುತ್ತ ಹೋಗಬೇಡಿ ಎಂದು ಆಕ್ಟೇನ್‌ನ ಕೈಪಿಡಿ ಎಚ್ಚರಿಸುತ್ತದೆ. ಮೊದಲನೆಯ ಎಚ್ಚರಿಕೆಯಲ್ಲಿರುವುದು ಹಳೆಯ ಮೊದಲಿಗನೇ. ಅಮೆಜಾನ್‌ನ ಲ್ಯಾಂಬ್ಡಾ ಸೇವೆಯಲ್ಲೂ ಹೀಗೆಯೇ: ಹೆಸರಿನಲ್ಲಿ ಸರ್ವರ್ ಇಲ್ಲದ ಪದ್ಧತಿಯಾದರೂ ಒಂದು ಓಟಕ್ಕೆ ಬಳಸಿದ ಪರಿಸರ ಮುಂದಿನ ಓಟಕ್ಕೂ ಬರಬಹುದು, ಗ್ಲೋಬಲ್‌ಗಳು ಉಳಿದಿರಬಹುದು.

ಈಗ ಗಿಟ್‌ಹಬ್‌ನ ಪ್ರಸಂಗ. 2021ರ ಮಾರ್ಚ್ 8ರಂದು ಆ ಸಂಸ್ಥೆ ತನ್ನ ಜಾಲತಾಣದ ಎಲ್ಲ ಬಳಕೆದಾರರನ್ನೂ ಒಮ್ಮೆಲೇ ಲಾಗೌಟ್ ಮಾಡಿತು. ಬಳಕೆದಾರರೊಬ್ಬರಿಗೆ ಇನ್ನೊಬ್ಬರ ಲಾಗಿನ್ ಸೆಷನ್ ಸಿಕ್ಕಿದ್ದು ಕಾರಣ. ಗಿಟ್‌ಹಬ್ ರೂಬಿ ಭಾಷೆಯ ಯೂನಿಕಾರ್ನ್ ಸರ್ವರ್ ಬಳಸುತ್ತಿತ್ತು. ಯೂನಿಕಾರ್ನ್‌ನಲ್ಲಿ ಪ್ರತಿ ಪ್ರೊಸೆಸ್ ಒಮ್ಮೆಗೆ ಒಂದೇ ರಿಕ್ವೆಸ್ಟ್ ನೋಡುತ್ತದೆ. ಆದ್ದರಿಂದ ರಿಕ್ವೆಸ್ಟಿನ ವಿವರ ಇಡುವ ಹ್ಯಾಶ್ ಒಂದನ್ನೇ ಇಟ್ಟುಕೊಂಡು, ಪ್ರತಿ ಸಲ ಅದನ್ನು ಖಾಲಿ ಮಾಡಿ ಮತ್ತೆ ತುಂಬುತ್ತಿತ್ತು. ತಟ್ಟೆ ತೊಳೆದು ಮತ್ತೆ ಇಡುವ ಈ ಪದ್ಧತಿಯಲ್ಲಿ ಆವರೆಗೆ ಕೇಡು ಕಂಡಿರಲಿಲ್ಲ. ಆಮೇಲೆ ವೇಗ ಹೆಚ್ಚಿಸಲೆಂದು ಒಂದು ಕೆಲಸವನ್ನು ಹಿನ್ನೆಲೆ ಥ್ರೆಡ್‌ಗೆ ಸರಿಸಿದರು. ಆ ಥ್ರೆಡ್‌ನಲ್ಲಿ ದೋಷ ಕಂಡಾಗ, ವರದಿಗೆಂದು ಅದು ರಿಕ್ವೆಸ್ಟಿನ ಹ್ಯಾಶನ್ನು ಮುಟ್ಟುತ್ತಿತ್ತು. ಅಷ್ಟರಲ್ಲಿ ಆ ಹ್ಯಾಶ್ ಬೇರೊಬ್ಬರದಾಗಿರುತ್ತಿತ್ತು. ಹಲವು ಘಟನೆಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ಕೂಡಿಬಂದರೆ ಮಾತ್ರ ಒಬ್ಬರ ಕುಕೀ ಇನ್ನೊಬ್ಬರ ಉತ್ತರಕ್ಕೆ ಸೇರುತ್ತಿತ್ತು. ಸಂಸ್ಥೆ ಕೊಟ್ಟ ಲೆಕ್ಕದಂತೆ, ಇದಕ್ಕೆ ಸಿಕ್ಕಿದ್ದು ಒಟ್ಟು ಸೆಷನ್‌ಗಳ ಶೇ. 0.001ಕ್ಕಿಂತ ಕಡಿಮೆ. ಅಷ್ಟು ವಿರಳವಾದದ್ದನ್ನು ಪತ್ತೆ ಹಚ್ಚಿ, ವಿವರವನ್ನು ಬಹಿರಂಗವಾಗಿ ಬರೆದದ್ದು ಆ ತಂಡದ ಹಿರಿಮೆ.

ಚಾಟ್‌ಜಿಪಿಟಿಯ ಪ್ರಕರಣದಲ್ಲಿ ವೇರಿಯಬಲ್ ಬದಲು ಕನೆಕ್ಷನ್ ಇತ್ತು. ರೆಡಿಸ್ ಎಂಬ ದತ್ತಾಂಶ ಸಂಗ್ರಹಕ್ಕೆ ಹೋಗುವ ಕನೆಕ್ಷನ್‌ಗಳ ಪೂಲ್‌ನಲ್ಲಿ ಪ್ರಶ್ನೆ ಕಳಿಸಿದ ಮೇಲೆ, ಉತ್ತರ ಬರುವ ಮುನ್ನ ಬಳಕೆದಾರರ ರಿಕ್ವೆಸ್ಟ್ ರದ್ದಾದರೆ, ಆ ಉತ್ತರ ಕನೆಕ್ಷನ್ನಿನಲ್ಲೇ ಉಳಿಯುತ್ತಿತ್ತು. ಮುಂದೆ ಅದೇ ಕನೆಕ್ಷನ್ ಹಿಡಿದವರಿಗೆ ಅದು ಸಿಗುತ್ತಿತ್ತು. 2023ರ ಮಾರ್ಚ್ 20ರಂದು ಸರ್ವರ್‌ನಲ್ಲಿ ಮಾಡಿದ ಒಂದು ಬದಲಾವಣೆಯಿಂದ ರದ್ದಾಗುವ ರಿಕ್ವೆಸ್ಟುಗಳು ದಿಢೀರನೆ ಹೆಚ್ಚಿದವು. ಕೆಲವರಿಗೆ ಪರರ ಸಂಭಾಷಣೆಗಳ ಶೀರ್ಷಿಕೆಗಳು ಕಂಡವು. ಒಂಬತ್ತು ಗಂಟೆಗಳ ಅವಧಿಯಲ್ಲಿ ಸಕ್ರಿಯರಾಗಿದ್ದ ಪ್ಲಸ್ ಚಂದಾದಾರರಲ್ಲಿ ಶೇ. 1.2 ಮಂದಿಯ ಹೆಸರು, ಇಮೇಲ್, ಕಾರ್ಡ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಂಥ ವಿವರ ಇತರರಿಗೆ ಕಂಡಿರಬಹುದು ಎಂದು ಓಪನ್‌ಎಐ ಒಪ್ಪಿಕೊಂಡಿತು. ಡೇಟಾಬೇಸ್ ಕನೆಕ್ಷನ್‌ಗಳ ಪೂಲ್‌ನಲ್ಲೂ ಇದೇ ಅಪಾಯ. ಪೋಸ್ಟ್‌ಗ್ರೆಸ್‌ನಲ್ಲಿ ಒಬ್ಬರಿಗೆಂದು ಬದಲಿಸಿದ ರೋಲ್ ಅಥವಾ ಸ್ಕೀಮಾ ಹಾಗೇ ಉಳಿದರೆ, ಮುಂದಿನವರು ಬೇರೊಂದು ಸಂಸ್ಥೆಯ ದತ್ತಾಂಶ ಓದಿಯಾರು. ಅದಕ್ಕೇ ಪೋಸ್ಟ್‌ಗ್ರೆಸ್ ಕನೆಕ್ಷನ್‌ಗಳ ಪೂಲ್ ನಡೆಸುವ ಪಿಜಿಬೌನ್ಸರ್, ಸೆಷನ್ ಪೂಲಿಂಗ್ ವಿಧಾನದಲ್ಲಿ, ಕನೆಕ್ಷನ್ ಮರಳಿದಾಗಲೆಲ್ಲ ‘ಡಿಸ್ಕಾರ್ಡ್ ಆಲ್’ ಆದೇಶ ಓಡಿಸುತ್ತದೆ.

ಹುಡುಕುವ ಕೆಲಸಕ್ಕೆ ಬಂದರೆ, ಮೊದಲ ಹೆಜ್ಜೆ ಗದ್ದಲ ಕಡಿಮೆ ಮಾಡುವುದು. ಅಪಾಚೆಯನ್ನು ‘ಎಕ್ಸ್’ ಆಯ್ಕೆ ಕೊಟ್ಟು ಒಂದೇ ಪ್ರೊಸೆಸ್ ಆಗಿ ಓಡಿಸಬಹುದು. ಪೈಥಾನ್‌ನ ಗುನಿಕಾರ್ನ್, ರೂಬಿಯ ಯೂನಿಕಾರ್ನ್ ಸರ್ವರ್‌ಗಳಲ್ಲಿ ವರ್ಕರ್ ಸಂಖ್ಯೆ 1 ಮಾಡಬಹುದು. ಹತ್ತು ಮರಿಗಳಲ್ಲಿ ಅಡಗಿ ಆಗೊಮ್ಮೆ ಈಗೊಮ್ಮೆ ಇಣುಕುತ್ತಿದ್ದ ಬಗ್ ಆಗ ಎರಡನೆಯ ರಿಕ್ವೆಸ್ಟಿಗೇ ಸಿಕ್ಕಿಬೀಳುತ್ತದೆ. ಪ್ರೊಡಕ್ಷನ್‌ನಲ್ಲಿ ಹಾಗೆ ಮಾಡಲಾಗದಿದ್ದರೆ ಪ್ರತಿ ಲಾಗ್ ಸಾಲಿಗೂ ಪ್ರೊಸೆಸ್ ಐಡಿ, ಆ ಪ್ರೊಸೆಸ್ಸಿಗೆ ಇದು ಎಷ್ಟನೆಯ ರಿಕ್ವೆಸ್ಟ್ ಎಂಬ ಎಣಿಕೆ, ರಿಕ್ವೆಸ್ಟಿಗೊಂದು ಗುರುತುಸಂಖ್ಯೆ ಸೇರಿಸಬೇಕು. ತಪ್ಪಾದ ಉತ್ತರಗಳ ಎಣಿಕೆ ಎಂದೂ 1 ಆಗಿರದೆ ಯಾವಾಗಲೂ ಅದಕ್ಕಿಂತ ಹೆಚ್ಚಿದ್ದರೆ ಹಳಸಿದ ಬೆಲೆಯ ಮೇಲೆ ಅನುಮಾನ ಗಟ್ಟಿ.

ವೇರಿಯಬಲ್ಲಿನ ಬೆಲೆಯ ಜೊತೆಗೆ ಅದರ ಮೆಮೊರಿ ವಿಳಾಸವನ್ನೂ ಪ್ರಿಂಟ್ ಮಾಡುವುದು ಇನ್ನೊಂದು ಪಳಗಿದ ಉಪಾಯ. ಹೆಸರು ತುಂಬಿದ ಕಡೆ ಒಂದು ವಿಳಾಸ, ಓದಿದ ಕಡೆ ಬೇರೆ ವಿಳಾಸ ಬಂದರೆ ಎರಡು ಪ್ರತಿಗಳಿವೆ ಎಂದಾಯಿತು, ಮೊದಲಿಗ ಸಿಕ್ಕಿಬಿದ್ದ. ಪಕ್ಕದವನನ್ನು ಹಿಡಿಯಲು ಬರೆಯುವ ಸಾಲಿಗೂ ಓದುವ ಸಾಲಿಗೂ ನಡುವೆ ಬೇಕೆಂದೇ ಐದು ಸೆಕೆಂಡ್ ನಿದ್ದೆ ಹಾಕಿ, ಎರಡು ಬ್ರೌಸರ್‌ಗಳಿಂದ ಎರಡು ಹೆಸರಲ್ಲಿ ಒಟ್ಟಿಗೆ ಒತ್ತಬೇಕು. ಇದಕ್ಕೆ ಮಾತ್ರ ಒಂದಕ್ಕಿಂತ ಹೆಚ್ಚು ಥ್ರೆಡ್ ಅಥವಾ ಅಸಿಂಕ್ರನಸ್ ಹರಿವು ಬೇಕು.

ಪ್ರತಿ ಪ್ರೊಸೆಸ್ಸಿಗೆ ಒಂದೇ ರಿಕ್ವೆಸ್ಟ್ ಎಂದು ಮಿತಿ ಹಾಕಿ ನೋಡುವುದೂ ಒಳ್ಳೆಯ ಪರೀಕ್ಷೆ. ಬಗ್ ಮಾಯವಾದರೆ ರೋಗನಿರ್ಣಯ ಆಯಿತು. ಆದರೆ ಕೆಲವರು ಅಲ್ಲಿಗೇ ನಿಲ್ಲಿಸಿ, ಮಿತಿಯನ್ನು ನೂರಕ್ಕೋ ಐನೂರಕ್ಕೋ ಏರಿಸಿ, ದೂರುಗಳು ಕಡಿಮೆಯಾದವೆಂದು ಕಡತ ಮುಚ್ಚುತ್ತಾರೆ. ಇದು ಖಂಡಿತ ತಪ್ಪು. ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ಆಗಲೂ ಪರರ ಎಲೆಯೇ.

ಕೊನೆಗೊಂದು ಆಯ್ಕೆಯ ಪ್ರಶ್ನೆ ಉಳಿಯುತ್ತದೆ: ರಿಕ್ವೆಸ್ಟ್ ಮುಗಿದಾಗ ಎಲ್ಲವನ್ನೂ ಅಳಿಸುವ ಶಿಸ್ತು ಪಾಲಿಸುವುದೋ, ಹಂಚಿಕೊಳ್ಳುವುದನ್ನೇ ಬಿಡುವುದೋ? ಅಳಿಸುವ ದಾರಿ ಮನುಷ್ಯರ ನೆನಪಿನ ಮೇಲೆ ನಿಂತಿದೆ. ಇಂದು ಐದು ವೇರಿಯಬಲ್ ಅಳಿಸಿದವರು ನಾಳೆ ಸೇರುವ ಆರನೆಯದನ್ನು ಮರೆಯುತ್ತಾರೆ, ನಡುವೆ ಎಕ್ಸೆಪ್ಶನ್ ಬಂದರೆ ಅಳಿಸುವ ಸಾಲೇ ಓಡುವುದಿಲ್ಲ. ಗಿಟ್‌ಹಬ್ ಪ್ರಸಂಗದಲ್ಲಿ ಯೂನಿಕಾರ್ನ್ ಪ್ರತಿ ಸಲವೂ ತಪ್ಪದೆ ಹ್ಯಾಶ್ ಖಾಲಿ ಮಾಡುತ್ತಲೇ ಇತ್ತು. ಆದರೂ ಸೋಂಕು ತಗುಲಿತು. ಹೊಸ ಹ್ಯಾಶ್ ಸೃಷ್ಟಿಸುವ ಖರ್ಚು ಒಂದು ಡೇಟಾಬೇಸ್ ಪ್ರಶ್ನೆಯ ಮುಂದೆ ಏನೇನೂ ಅಲ್ಲ. 2021ರ ಅದೇ ಮಾರ್ಚ್‌ನಲ್ಲಿ ಬಂದ ಯೂನಿಕಾರ್ನ್ 6.0.0 ಹಳೆಯ ಹ್ಯಾಶನ್ನು ಮತ್ತೆ ಬಳಸುವುದನ್ನು ಕೈಬಿಟ್ಟು, ಪ್ರತಿ ರಿಕ್ವೆಸ್ಟಿಗೂ ಹೊಸದನ್ನೇ ಕೊಡತೊಡಗಿತು. ಕಂಪೈಲ್ ಆದ ಕೋಡ್, ಕಾನ್ಫಿಗರೇಶನ್, ಕನೆಕ್ಷನ್ ಪೂಲ್ ಪ್ರೊಸೆಸ್ಸಿನ ಜೊತೆ ಬಾಳಲಿ. ಬಳಕೆದಾರರಿಗೆ ಸೇರಿದ ಒಂದಕ್ಷರವೂ ಬಾಳಬಾರದು.

ಸರ್ವರ್ ಕೋಡ್ ಬರೆಯುವ ಓದುಗರು ಮುಂದಿನ ಬಿಡುಗಡೆಗೆ ಮುನ್ನ ಹತ್ತು ನಿಮಿಷ ಇದಕ್ಕೆ ಕೊಡಬೇಕು. ಟೆಸ್ಟ್ ಸರ್ವರ್‌ನಲ್ಲಿ ವರ್ಕರ್ ಸಂಖ್ಯೆ 1 ಮಾಡಿ. ಒಂದು ಬ್ರೌಸರ್‌ನಲ್ಲಿ ಅಡ್ಮಿನ್ ಆಗಿ ಲಾಗಿನ್ ಆಗಿ, ಎಲ್ಲ ಅಂಕಣ ತುಂಬಿದ ಫಾರಂ ಕಳಿಸಿ. ಕೂಡಲೇ ಇನ್ನೊಂದು ಬ್ರೌಸರ್‌ನಿಂದ, ಲಾಗಿನ್ ಆಗದೆ, ಎಲ್ಲ ಅಂಕಣ ಖಾಲಿ ಬಿಟ್ಟು ಅದೇ ಫಾರಂ ಕಳಿಸಿ. ಬಂದ ಪುಟದಲ್ಲಿ ಯಾರ ಹೆಸರಿದೆ ನೋಡಿ.